ಊಹೆಯನ್ನು ಒರೆಗೆ ಹಚ್ಚುವ ಬಗೆ

ತಾನು ನಂಬಿದ್ದಕ್ಕೆ ಒತ್ತಾಸೆಯಾಗುವ ಸಂಗತಿಗಳನ್ನಷ್ಟೇ ಹುಡುಕುವುದು ಮನಸ್ಸಿನ ಜಾಯಮಾನ. ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಅದರಲ್ಲಿ ಭಾಗವಹಿಸುವವರಿಗೆ ಹೇಳುವುದಿಷ್ಟು: 2, 4, 6 ಒಂದು ನಿಯಮಕ್ಕೆ ಹೊಂದುತ್ತವೆ. ಬೇರೆ ಸಂಖ್ಯೆಗಳನ್ನು ಕೊಟ್ಟು ನೋಡಿ ಆ ನಿಯಮವನ್ನು ಕಂಡುಹಿಡಿಯಬೇಕು. ‘ಎರಡೆರಡು ಹೆಚ್ಚುತ್ತದೆ’ ಎಂದು ಊಹಿಸಿದವರು 8, 10, 12ರಂಥ ಸಂಖ್ಯೆಗಳನ್ನೇ ಕೊಡುತ್ತಾರೆ. ಪ್ರತಿ ಸಲವೂ ‘ಹೊಂದುತ್ತದೆ’ ಎಂಬ ಉತ್ತರ ಬರುತ್ತದೆ, ಊಹೆ ಗಟ್ಟಿಯಾಗುತ್ತದೆ. ಆದರೆ ಅದು ತಪ್ಪು. ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 2, 3 ಕೊಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ಭಾಗವಹಿಸಿದ 29 ಜನರಲ್ಲಿ ಮೊದಲ ಯತ್ನದಲ್ಲೇ ಗೆದ್ದವರು 6 ಮಂದಿ. ಮೊಬೈಲಿಗೆ ಬರುವ ಸುದ್ದಿಯ ವಿಷಯದಲ್ಲೂ ನಂಬಿದ್ದಕ್ಕೆ ಒಪ್ಪುವುದನ್ನಷ್ಟೇ ಹುಡುಕಿದರೆ ಹೀಗೆಯೇ ಮೋಸಹೋಗುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ಪ್ರಮಾಣಿಸುವುದೆಂದರೆ ತನ್ನ ಊಹೆಯನ್ನು ಸುಳ್ಳಾಗಿಸಬಲ್ಲ ಪುರಾವೆಯನ್ನು ಹುಡುಕುವುದು.