ಒತ್ತಡ ಗುಂಪುಗಳು ಮತ್ತು ಸರ್ಕಾರದ ನೀತಿ

ಮತದಾನ ಮುಗಿದು ಸರ್ಕಾರ ರಚನೆಯಾದೊಡನೆ ಪ್ರಜೆಗಳ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ಆದರೆ ನೀತಿಗಳು ಬಹುಮಟ್ಟಿಗೆ ರೂಪುಗೊಳ್ಳುವುದು ಎರಡು ಚುನಾವಣೆಗಳ ನಡುವಣ ಅವಧಿಯಲ್ಲಿಯೇ. ಆಗ ರೈತರು, ವರ್ತಕರು, ನೌಕರರು, ಒಂದು ಪ್ರದೇಶದ ನಿವಾಸಿಗಳು ಸಂಘಟಿತರಾಗಿ ತಮ್ಮ ಬೇಡಿಕೆಗಳನ್ನು ಸರ್ಕಾರದ ಮುಂದಿಡುತ್ತಾರೆ. ಇಂತಹ ಸಂಘಟನೆಗಳಿಗೆ ರಾಜ್ಯಶಾಸ್ತ್ರದಲ್ಲಿ ಒತ್ತಡ ಗುಂಪುಗಳೆಂದು ಹೆಸರು. ಅಧಿಕಾರ ಹಿಡಿಯುವುದು ರಾಜಕೀಯ ಪಕ್ಷದ ಗುರಿ. ಅಧಿಕಾರದಲ್ಲಿರುವವರು ಯಾರೇ ಆಗಿರಲಿ, ಅವರಿಂದ ನಿರ್ಣಯವೊಂದನ್ನು ಪಡೆಯುವುದು ಈ ಗುಂಪುಗಳ ಗುರಿ.

ನಿದರ್ಶನವನ್ನು ಅರಸಿ ದೂರ ಹೋಗಬೇಕಾಗಿಲ್ಲ. ದೇವಸುಗೂರಿನ ಮಗ್ಗುಲಲ್ಲಿರುವ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು 1985ರಿಂದ ಕೃಷ್ಣೆಯ ನೀರನ್ನು ಬಳಸಿ ನಾಡಿಗೆ ಬೆಳಕು ನೀಡುತ್ತ ಬಂದಿದೆ. ಅದೇ ಜಿಲ್ಲೆಯ ದೇವದುರ್ಗವನ್ನು ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಎಣಿಸಿತು. ಈ ವೈರುಧ್ಯವನ್ನು ಜನರು ಬಹುಕಾಲದಿಂದ ಬಲ್ಲವರೇ. ಆದರೆ ಬರಿಯ ಅಸಮಾಧಾನವನ್ನು ಯಾವ ಸರ್ಕಾರವೂ ಕಡತಕ್ಕೆ ಏರಿಸಲಾರದು. ಅದು ಖಚಿತವಾದ ಬೇಡಿಕೆಯಾಗಬೇಕು.

ಆ ಬೇಡಿಕೆಯ ಮಾದರಿ ನೆರೆಯಲ್ಲಿಯೇ ಇತ್ತು. ಹಿಂದಿನ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದರೆ, ತೆಲಂಗಾಣವು ಆಂಧ್ರವನ್ನು ಸೇರಿತು. 1973ರ ತಿದ್ದುಪಡಿಯಿಂದ ಆಂಧ್ರಪ್ರದೇಶಕ್ಕೆ 371(ಡಿ) ವಿಧಿಯ ಆಸರೆ ದೊರೆಯಿತು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ದೊರೆತದ್ದು ಇನ್ನೊಬ್ಬನಿಗೇಕಿಲ್ಲವೆಂಬುದೇ ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿಯ ವಾದವಾಯಿತು. ಮಾಜಿ ಸಚಿವ ವೈಜನಾಥ ಪಾಟೀಲರು ಇದರ ಮುಂಚೂಣಿಯಲ್ಲಿದ್ದರು. ಮನವಿಪತ್ರ, ಧರಣಿ, ಬಂದ್, ದೆಹಲಿಗೆ ನಿಯೋಗ, ಹೀಗೆ ವರ್ಷಗಳೇ ಸಂದವು. ಕೇಂದ್ರವು ಒಮ್ಮೆ ನಿರಾಕರಿಸಿದ ಬಳಿಕವೂ ಒತ್ತಾಯ ನಿಲ್ಲಲಿಲ್ಲ. ಹೊರಗಿನ ಕೂಗಿಗೆ ಮಲ್ಲಿಕಾರ್ಜುನ ಖರ್ಗೆ, ಎನ್. ಧರ್ಮಸಿಂಗ್ ಮೊದಲಾದವರ ಒಳಗಿನ ಪ್ರಯತ್ನವೂ ಕೂಡಿದಾಗ, 2012ರ ಡಿಸೆಂಬರಿನಲ್ಲಿ ಸಂಸತ್ತು 98ನೆಯ ತಿದ್ದುಪಡಿಗೆ ಒಪ್ಪಿಗೆಯಿತ್ತಿತು. 371(ಜೆ) ವಿಧಿಯ ಮೇರೆಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ, ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡ 70ರಷ್ಟು ಸ್ಥಾನಗಳೂ, ಸರ್ಕಾರಿ ನೌಕರಿಗಳಲ್ಲಿ ಮೀಸಲಾತಿಯೂ ದೊರೆತವು.

ಒಂದು ಗುಂಪಿನ ಒತ್ತಡಕ್ಕೆ ಇನ್ನೊಂದರ ಪ್ರತಿ ಒತ್ತಡವೂ ಇರುತ್ತದೆಂಬುದನ್ನು ಮರೆಯಲಾಗದು. ನಂಜುಂಡಪ್ಪ ವರದಿಯು ರಾಯಚೂರಿಗೆ ಸೂಚಿಸಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ಆರಂಭವಾಯಿತು. ವರದಿಯ ಶಿಫಾರಸು ಒಂದೇ ಸಾಲದೆಂಬ ಅರಿವು ರಾಯಚೂರಿಗೆ ಹೀಗೆ ಉಂಟಾಯಿತೆನ್ನಬಹುದು. ಏಮ್ಸ್ ಆಸ್ಪತ್ರೆಗಾಗಿ 2022ರ ಮೇ ತಿಂಗಳಲ್ಲಿ ಅಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ದಾಟಿತು.

ಇಷ್ಟಾದರೂ ವಿಚಾರಿಸಬೇಕಾದ ಸಂಗತಿಯೊಂದಿದೆ. ಪ್ರದೇಶದ ಹೆಸರಿನಲ್ಲಿ ಮಾತನಾಡುವವರು ಸಾಮಾನ್ಯವಾಗಿ ಅಕ್ಷರಸ್ಥರು. ಪದವಿ ಮತ್ತು ನೌಕರಿಗಳ ಲೆಕ್ಕ ಬಲ್ಲವರು. 371(ಜೆ)ಯ ಫಲವೂ ಮೊದಲು ಮುಟ್ಟಿದ್ದು ಶಾಲೆಯ ಮೆಟ್ಟಿಲನ್ನು ಹತ್ತಿದವರಿಗೇ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋಗುವ ಕೂಲಿಕಾರನಿಗೆ ಮನವಿಪತ್ರ ಬರೆದುಕೊಡುವವರು ವಿರಳ. ಧರಣಿ ಕೂರಲು ಅವನಿಗೆ ಒಂದು ದಿನದ ಬಿಡುವೂ ಇರುವುದಿಲ್ಲ.