ಟವರ್ ಇಲ್ಲದ ಕಡೆಯಿಂದ ಸಂದೇಶ

ಅಂಗೈಯಲ್ಲಿ ಹಿಡಿಯುವ ಉಪಗ್ರಹ ಸಂದೇಶ ಸಾಧನ ಎರಡು ಕೆಲಸ ಮಾಡುತ್ತದೆ: ಇರುವ ಜಾಗವನ್ನು ಗುರುತಿಸುತ್ತದೆ, ಮೊಬೈಲ್ ಟವರ್ ಇಲ್ಲದ ಕಡೆಯಿಂದಲೂ ಸಂದೇಶ ಕಳಿಸುತ್ತದೆ.

ಜಾಗ ಗುರುತಿಸುವ ಭಾಗ ಸಂಕೇತವನ್ನು ಸ್ವೀಕರಿಸುತ್ತದೆ ಅಷ್ಟೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವುಗಳ ಸಂಕೇತ ತಲುಪಲು ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ಸ್ಥಾನ ಖಚಿತವಾಗಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

ಸಂದೇಶ ಕಳಿಸಲು ಬೇರೆಯೇ ಜಾಲ ಬೇಕು. ಇರಿಡಿಯಂ ಜಾಲದ ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲೇ ಸುತ್ತುವುದರಿಂದ ಸಣ್ಣ ಆಂಟೆನಾ ಸಾಕಾಗುತ್ತದೆ.

ಎರಡಕ್ಕೂ ತೆರೆದ ಆಕಾಶ ಬೇಕು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಾಡಂಚಿನಲ್ಲಿ, ಆನೆಗಳು ಓಡಾಡುವ ಗಡಿಭಾಗದಲ್ಲಿ, ಇಂಥ ಸಾಧನ ಕೆಲಸ ಮಾಡಬಲ್ಲದು. ದಟ್ಟ ಮರಗಳ ಕೆಳಗೆ ಸಂಕೇತ ಕುಗ್ಗುತ್ತದೆ.

ಕೆಜಿಎಫ್‌ನ ಗಣಿಯೊಳಗೆ ಅದು ನಡೆಯದು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಹೆಚ್ಚು. ಅಷ್ಟು ಬಂಡೆಯನ್ನು ದಾಟಿ ಉಪಗ್ರಹದ ರೇಡಿಯೋ ಅಲೆ ಒಳಗೆ ಇಳಿಯಲಾರದು. ಹೀಗಾಗಿ ಆಳದ ಗಣಿಗಳಿಗೆ ತಂತಿ ದೂರವಾಣಿಯಂಥ ಬೇರೆ ವ್ಯವಸ್ಥೆಯೇ ಬೇಕು.

ಸ್ಥಾನ ಗುರುತಿಸಲು ಭಾರತಕ್ಕೆ ತನ್ನದೇ ಉಪಗ್ರಹ ವ್ಯವಸ್ಥೆಯೂ ಇದೆ. ಇಸ್ರೋದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಸ್ಥಾನ ತಿಳಿಸುವುದರ ಜೊತೆಗೆ ಇದು ಕಡಲಿನಲ್ಲಿರುವ ಮೀನುಗಾರರಿಗೆ ಎಚ್ಚರಿಕೆಯ ಸಂದೇಶಗಳನ್ನೂ ಮುಟ್ಟಿಸಬಲ್ಲದು.

ಅನುಮತಿಯಿಲ್ಲದೆ ಉಪಗ್ರಹ ಸಂಪರ್ಕ ಸಾಧನ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿದೇಶದಿಂದ ತರುವ ಅಥವಾ ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ದೂರಸಂಪರ್ಕ ಇಲಾಖೆಯ ಅನುಮತಿ ಪಡೆಯಿರಿ.