ಬಡವರ ದೇವರನ್ನು ಆರಿಸೋದು ಯಾರು?

2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಅದೇ ವಾರ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ ಕ್ರಿಸ್‌ಮಸ್ ಆಚರಣೆಗೆ ಅಡ್ಡಿಪಡಿಸಿದ ವಿಡಿಯೊ ಎಲ್ಲರ ಮೊಬೈಲ್‌ಗೂ ಬಂತು. ಕೇಕ್ ಕತ್ತರಿಸಿದರೂ ಮತಾಂತರದ ಅನುಮಾನ. ಮರುವರ್ಷ ಮಸೂದೆ ಕಾಯ್ದೆಯೇ ಆಯಿತು.

ಈ ಕಾಯ್ದೆ ಏನು ಹೇಳುತ್ತದೆ? ಎಂಜಿನಿಯರಿಂಗ್ ಓದಿದ ನನಗೆ ಯಾವುದನ್ನಾದರೂ ಫ್ಲೋಚಾರ್ಟ್ ಮಾಡಿ ನೋಡುವ ಚಟ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕು ಸೇರಿ ಪಾಂಡವಪುರ ಉಪವಿಭಾಗ. ನಾಗಮಂಗಲದ ಹಳ್ಳಿಯ ಒಬ್ಬ ಹೆಣ್ಣುಮಗಳು ಧರ್ಮ ಬದಲಿಸಬೇಕು ಅಂದುಕೊಂಡಳು ಅನ್ನಿ. 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಅರ್ಜಿ ಹಾಕಬೇಕು. ಅದು ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಬೀಳುತ್ತದೆ, ಆಕ್ಷೇಪಣೆ ಕರೆಯುತ್ತಾರೆ. ಬಂದರೆ ವಿಚಾರಣೆ. ಅಕ್ರಮ ಮತಾಂತರ ಎಂದು ದೂರು ಕೊಡಲು ಅಪ್ಪ-ಅಮ್ಮನೇ ಆಗಬೇಕಿಲ್ಲ, ನೆಂಟರಾಗಬಹುದು, ಜೊತೆ ಕೆಲಸ ಮಾಡುವವರೂ ಆಗಬಹುದು. ತಪ್ಪು ಮಾಡಿಲ್ಲ ಎಂದು ಸಾಬೀತುಪಡಿಸುವ ಹೊಣೆ ಆರೋಪ ಹೊತ್ತವರದ್ದು. ಆದರೆ ‘ಹಿಂದಿನ ಧರ್ಮಕ್ಕೆ ಮರಳಿದರೆ’ ಅದು ಮತಾಂತರವೇ ಅಲ್ಲ!

ಬಲವಂತದ ಮತಾಂತರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಬಲವಂತ ಅಂದರೆ ಏನು ಅಂತ ಶ್ರೀರಂಗಪಟ್ಟಣಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಇಲ್ಲಿಗೆ ತಂದ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಅನೇಕರಿಗೆ ಧರ್ಮ ಬದಲಿಸದೆ ದಾರಿಯಿರಲಿಲ್ಲ.

1799ರಲ್ಲಿ ಕೋಟೆ ಬಿದ್ದ ಮೇಲೆ, ಚದುರಿಹೋಗಿದ್ದ ಈ ಸಮುದಾಯವನ್ನು ಮತ್ತೆ ಕಟ್ಟಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಸ್ಥಳೀಯರಂತೆ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ಜನರ ನಡುವೆಯೇ ಬದುಕಿದರು. ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನ ಲಸಿಕೆ ಪಡೆದರೆಂದು ದಾಖಲಾಗಿದೆ. ಗಂಜಾಂನ ಚರ್ಚ್‌ಗೆ ಇಂದಿಗೂ ಅವರ ಹೆಸರು ಅಂಟಿಕೊಂಡಿದೆ.

1823ರಲ್ಲಿ ಭಾರತ ಬಿಟ್ಟು ಹೋದ ಇದೇ ದುಬ್ವಾ, ಆ ವರ್ಷ ಪ್ರಕಟವಾದ ಪುಸ್ತಕದಲ್ಲಿ ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಬರೆದರು. 25 ವರ್ಷದ ದುಡಿಮೆಗೆ ಸಿಕ್ಕ ಹೊಸಬರು ಇನ್ನೂರು-ಮುನ್ನೂರು ಮಂದಿ, ಅದರಲ್ಲೂ ಮೂರನೇ ಎರಡು ಭಾಗ ಅಸ್ಪೃಶ್ಯರು, ಭಿಕ್ಷುಕರು ಎಂದು ಲೆಕ್ಕ ಕೊಟ್ಟರು. ಇವರಲ್ಲಿ ಹೆಚ್ಚಿನವರು ಬಂದದ್ದು ಲಾಭದ ಆಸೆಗೆ ಎಂಬುದು ಅವರ ದೂರು.

ಇಲ್ಲಿ ನಾವು ನಿಂತು ಯೋಚಿಸಬೇಕು. ಬಡವ ದೇವರನ್ನು ಬದಲಿಸಿದರೆ ಅದು ಹೊಟ್ಟೆಪಾಡಿಗೇ ಇರಬೇಕು ಎಂಬ ಈ ಅನುಮಾನ ಪಾದ್ರಿಯೊಬ್ಬರಿಗೇ ಇತ್ತು! ಸುಮಾರು ಇನ್ನೂರು ವರ್ಷದ ನಂತರ ನಮ್ಮ ಕಾಯ್ದೆಯಲ್ಲೂ ಅದೇ ಅನುಮಾನ. ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ ಜೈಲು. ಮತಾಂತರಗೊಂಡವರು ಮಹಿಳೆ, ದಲಿತರು ಅಥವಾ ಆದಿವಾಸಿ ಆಗಿದ್ದರೆ 10 ವರ್ಷದವರೆಗೆ. ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರೂ ಇದೇ ಪಟ್ಟಿಯಲ್ಲಿದ್ದಾರೆ. ಅಂದ್ರೆ, ಓದಿದ, ದುಡಿಯುವ ವಯಸ್ಕ ಮಹಿಳೆಯನ್ನೂ ಮಗುವನ್ನೂ ಕಾನೂನು ಒಂದೇ ಸಾಲಿನಲ್ಲಿ ಕೂರಿಸಿದೆ. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ‘ಉತ್ತಮ ಜೀವನಶೈಲಿ’ಯ ಭರವಸೆ, ಇವೂ ‘ಆಮಿಷ’ದ ವ್ಯಾಖ್ಯೆಯಲ್ಲಿವೆ.

ಮೀಸಲಾತಿ ಆಸೆಗೆ ಮತಾಂತರ ಅನ್ನೋ ವಾದವನ್ನೂ ನೋಡಿಬಿಡೋಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನವನ್ನೇ ಕಳೆದುಕೊಳ್ಳುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಮಾತ್ರ ಧರ್ಮದ ಷರತ್ತಿಲ್ಲ, ಯಾಕಂದ್ರೆ ಆ ಗುರುತು ಬುಡಕಟ್ಟಿನದು. ಕ್ರೈಸ್ತರಾದ ಆದಿವಾಸಿಗಳನ್ನು ಪಟ್ಟಿಯಿಂದ ತೆಗೆಯಿರಿ ಎಂಬ ‘ಡಿಲಿಸ್ಟಿಂಗ್’ ಕೂಗು ಈಗ ಹೊಡೆಯುತ್ತಿರುವುದು ಇದಕ್ಕೇ. ಒಂದು ಕಡೆ ‘ಪಾಪ, ಮೋಸ ಹೋದರು’ ಎಂಬ ಕನಿಕರ, ಇನ್ನೊಂದು ಕಡೆ ಮೋಸ ಹೋದವರಿಗೇ ಶಿಕ್ಷೆ. ಎರಡೂ ಒಟ್ಟಿಗೆ ಹೇಗೆ ಸರಿಯಾಗುತ್ತೆ?

2023ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಬೇರೆ, ವಿಧಾನಮಂಡಲದಲ್ಲಿ ಮಸೂದೆ ಪಾಸಾಗುವುದು ಬೇರೆ. ವೋಟು ಕೇಳಲು ಬಂದವರನ್ನು ಈ ಬಗ್ಗೆ ಕೇಳೋದು ನಮ್ಮ ಕೆಲಸ.

ಮೋಸ, ಬೆದರಿಕೆಗಳನ್ನು ಶಿಕ್ಷಿಸೋಣ, ಅದಕ್ಕೆ ಬೇರೆ ಕಾನೂನುಗಳೂ ಇವೆ. ಆದರೆ ಯಾರಿಗೆ ವೋಟು ಹಾಕಬೇಕೆಂದು ತೀರ್ಮಾನಿಸುವಷ್ಟು ಬುದ್ಧಿ ಒಬ್ಬ ಆದಿವಾಸಿ ಹೆಣ್ಣುಮಗಳಿಗೆ ಇದೆ ಅಂತ ನಾವು ಒಪ್ಪಿಕೊಂಡಿದ್ದೇವೆ. ಯಾವ ದೇವರಿಗೆ ಕೈಮುಗಿಯಬೇಕು, ಅಥವಾ ಯಾವ ದೇವರಿಗೂ ಮುಗಿಯಬಾರದು ಎಂದು ತೀರ್ಮಾನಿಸಲು ಅವಳಿಗೆ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡು ಯಾಕೆ ಬೇಕು?